ಗೋಲ್ ಅಂತ ಕುಣಿಯೋದಾ, ಕಾಯೋದಾ?

ರಾತ್ರಿ ಒಂದೂವರೆ ಗಂಟೆ. ಮನೆಯವರೆಲ್ಲ ಮಲಗಿದ್ದಾರೆ. ನಾನೊಬ್ಬ ಟಿವಿ ಸೌಂಡ್ ಕಮ್ಮಿ ಮಾಡಿಕೊಂಡು ಫುಟ್‌ಬಾಲ್ ನೋಡುತ್ತಿದ್ದೆ. ಗೋಲ್! ಬಾಯಿ ಮುಚ್ಚಿಕೊಂಡೇ ಕುಣಿದೆ. ಅಷ್ಟರಲ್ಲಿ ರೆಫರಿ ಕಿವಿಗೆ ಬೆರಳಿಟ್ಟುಕೊಂಡು ನಿಂತುಬಿಟ್ಟ. ವಿಎಆರ್ ಅಂತೆ, ಅಂದರೆ ವಿಡಿಯೋ ನೋಡಿ ತೀರ್ಪು ಪರಿಶೀಲಿಸೋದು. ಮೂರು ನಿಮಿಷ ಗೆರೆ ಎಳೆದೂ ಎಳೆದೂ, ಕೊನೆಗೆ ಆಫ್‌ಸೈಡ್! ಪಾಸ್ ಕೊಟ್ಟ ಕ್ಷಣದಲ್ಲಿ ನಮ್ಮವನು ಎದುರಾಳಿಯ ಕೊನೆಯ ಡಿಫೆಂಡರ್‌ಗಿಂತ ಹೆಬ್ಬೆರಳಷ್ಟು ಮುಂದಿದ್ದನಂತೆ. ಕುಣಿದದ್ದು ದಂಡ.

ಆಫ್‌ಸೈಡೇ ಬೇಡ ಅನ್ನುತ್ತಿಲ್ಲ. ಅದಿಲ್ಲದಿದ್ದರೆ ಒಬ್ಬ ಗೋಲ್ ಕಂಬದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕೂತಿರುತ್ತಾನೆ. ಆದರೆ ಕಣ್ಣಿಗೇ ಕಾಣದ ತಪ್ಪಿಗೆ ಶಿಕ್ಷೆ ಯಾಕೆ? ಮುನ್ನುಗ್ಗುವವನಿಗೂ ಡಿಫೆಂಡರ್‌ಗೂ ನಡುವೆ ಬೆಳಕು ಕಾಣುವಷ್ಟು ಜಾಗ ಇದ್ದರೆ ಮಾತ್ರ ಆಫ್‌ಸೈಡ್ ಅನ್ನಿ ಎಂದು ಆರ್ಸೆನಲ್ ಕ್ಲಬ್‌ನ ಮಾಜಿ ಕೋಚ್ ಆರ್ಸೆನ್ ವೆಂಗರ್ ಹೇಳುತ್ತಾ ಬಂದಿದ್ದಾರೆ. ನನ್ನ ಓಟು ಅವರಿಗೇ.

ನಿಯಮ ಮುಟ್ಟಿದರೆ ಆಟ ಕೆಡುತ್ತದಂತೆ. ಸುಮ್ನಿರಿ! 1992ರವರೆಗೆ ತಮ್ಮವರು ಕಾಲಿನಲ್ಲಿ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಹುದಿತ್ತು. 1990ರ ವಿಶ್ವಕಪ್‌ನಲ್ಲಿ ಹೀಗೆ ಟೈಮ್ ತಳ್ಳಿ ತಳ್ಳಿ ಆಕಳಿಕೆ ಬರಿಸಿದ್ದರು. ಅದನ್ನು ನಿಲ್ಲಿಸಿದ ಮೇಲೆ ಆಟವೇನು ಸತ್ತುಹೋಯಿತಾ? 2025ರಲ್ಲಿ ಇನ್ನೊಂದು ಬಂತು: ಕೀಪರ್ 8 ಸೆಕೆಂಡಿಗಿಂತ ಜಾಸ್ತಿ ಚೆಂಡು ಹಿಡಿದುಕೊಂಡರೆ ಎದುರಾಳಿಗೆ ಕಾರ್ನರ್. ಒಳ್ಳೆಯದೇ. ಆದರೆ ಗಾಳಿ ತಾಗಿದರೂ ಬಿದ್ದು ಹೊರಳಾಡಿ, ಫ್ರೀ ಕಿಕ್ ಸಿಕ್ಕ ಕೂಡಲೇ ಜಿಂಕೆ ಹಾಗೆ ಓಡುತ್ತಾರಲ್ಲ, ಅವರಿಗೇನು ಮದ್ದು?