ಸೀಟಿನ ಮೇಲೆ ನಮಾಜು, ಸ್ಟೇರಿಂಗ್ ಮುಂದೆ ನಿಂಬೆಹಣ್ಣು

ಹಾನಗಲ್ ಡಿಪೋದ ಆ ಬಸ್ಸಿನ ಕಥೆ ನಿಮಗೆಲ್ಲ ಗೊತ್ತೇ ಇದೆ. 2025ರ ಏಪ್ರಿಲ್ ಕೊನೆಯಲ್ಲಿ ಚಾಲಕ ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಿ ಸೀಟಿನ ಮೇಲೆ ಕುಳಿತು ನಮಾಜು ಮಾಡಿದರು. ಪ್ರಯಾಣಿಕರು ವಿಡಿಯೊ ಮಾಡಿದರು, ಸಚಿವರು ಪತ್ರ ಬರೆದರು, ಚಾಲಕರು ಅಮಾನತಾದರು. ಜನರನ್ನು ಕಾಯಿಸಿ ಪ್ರಾರ್ಥನೆಗೆ ಕುಳಿತದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಸಂಜೆ ಮನೆ ಸೇರಿ ಹಸು ಕರೆಯಬೇಕಾದವನಿಗೆ ದೇವರು ಯಾರಾದರೇನು, ಬಸ್ಸು ಹೊರಡಬೇಕು.

ನಾನು ಮೆಚ್ಚಿದ್ದು ಆ ಶಿಸ್ತಿನ ವೇಗವನ್ನು. ಬಸ್ಸಿನ ಸೋರುವ ಚಾವಣಿಯ ಬಗ್ಗೆ ದೂರು ಕೊಟ್ಟವರು ಮುಂದಿನ ಮಳೆಗಾಲಕ್ಕೂ ಕೊಡೆ ಬಿಚ್ಚಿಕೊಂಡೇ ಕೂರುತ್ತಾರೆ. ಘಾಟಿ ಇಳಿಯುವ ಮೊದಲು ಗುಡಿಯ ಮುಂದೆ ಬಸ್ಸು ನಿಲ್ಲುತ್ತದಲ್ಲ, ಅದಕ್ಕೆ ದೂರು ಕೊಟ್ಟವರನ್ನೇ ನಾನು ಕಂಡಿಲ್ಲ. ನಿರ್ವಾಹಕ ಇಳಿದು ಹುಂಡಿಗೆ ಕಾಸು ಹಾಕಿ, ಮಂಗಳಾರತಿ ಕಣ್ಣಿಗೊತ್ತಿಕೊಂಡು, ಬೆರಳ ತುದಿಯಲ್ಲಿ ಕುಂಕುಮ ತಂದು ಸ್ಟೇರಿಂಗಿಗೆ ಹಚ್ಚುವಾಗ ನಾವೂ ಕಿಟಕಿಯಿಂದಲೇ ಕೈ ಮುಗಿಯುತ್ತೇವೆ. ಆಗ ಯಾರಿಗೂ ತಡವಾಗುವುದಿಲ್ಲ. ಮೊಬೈಲ್ ಜೇಬಿನಲ್ಲೇ ಇರುತ್ತದೆ.

ಆಯುಧಪೂಜೆಗೆ ಸಾರಿಗೆ ನಿಗಮವೇ ಬಸ್ಸಿಗಿಷ್ಟು ಎಂದು ದುಡ್ಡು ಕೊಡುತ್ತದೆ. ನೂರು ರೂಪಾಯಿಯಲ್ಲಿ ಹೂವು ತರಬೇಕೋ ಬೂದುಗುಂಬಳವೋ ಎಂದು ನೌಕರರು ಗೊಣಗಿ ಗೊಣಗಿ 2024ರಲ್ಲಿ ಅದು 250 ಆಯಿತು. ನನ್ನ ತಕರಾರಿಲ್ಲ. ದಿನವಿಡೀ ಓಡುವ ಬಸ್ಸಿಗೆ ವರ್ಷಕ್ಕೊಂದು ಹಾರ ಹೆಚ್ಚೇನಲ್ಲ.

ಕೆಲಸದ ಜಾಗದಲ್ಲಿ ನಂಬಿಕೆಗೆ ಅನುಕೂಲ ಮಾಡಿಕೊಡುವ ವಿಚಾರದಲ್ಲಿ ನಾವು ಜಗತ್ತಿಗೇ ಪಾಠ ಹೇಳಬಲ್ಲೆವು. ವಿಧಾನಸೌಧದಲ್ಲಿ ಮುಖ್ಯಮಂತ್ರಿಗಳ ಕೊಠಡಿಯ ಒಂದು ಬಾಗಿಲು ವಾಸ್ತು ದೋಷದ ಆಪಾದನೆ ಹೊತ್ತು ಮುಚ್ಚಿಕೊಂಡಿತ್ತು. 2023ರ ಜೂನ್‌ನಲ್ಲಿ ಸಿದ್ದರಾಮಯ್ಯನವರು ಅದನ್ನು ತೆರೆಸಿದಾಗ ಬಾಗಿಲು ತೆರೆದದ್ದೇ ಸುದ್ದಿಯಾಯಿತು. ಚಾಮರಾಜನಗರಕ್ಕೆ ಹೋದರೆ ಕುರ್ಚಿ ಹೋಗುತ್ತದೆಂದು ಎಷ್ಟು ಮುಖ್ಯಮಂತ್ರಿಗಳು ಆ ಕಡೆ ತಲೆ ಹಾಕಲಿಲ್ಲ! ಇಡೀ ಜಿಲ್ಲೆಯನ್ನೇ ರಜೆಯ ಪಟ್ಟಿಗೆ ಸೇರಿಸಿಕೊಂಡ ಉದ್ಯೋಗಿಗಳು ಬೇರೆಲ್ಲಿದ್ದಾರೆ? ಇನ್ನು ಕೈಯಲ್ಲಿ ನಿಂಬೆಹಣ್ಣು ಹಿಡಿದೇ ಓಡಾಡುವುದಕ್ಕೆ ಹೆಸರಾದ ಎಚ್.ಡಿ. ರೇವಣ್ಣನವರು. 2018ರಲ್ಲಿ ಲೋಕೋಪಯೋಗಿ ಸಚಿವರಾಗಿದ್ದ ಅವರು ಜ್ಯೋತಿಷಿಯ ಸಲಹೆಯಂತೆ ಬೆಂಗಳೂರಿನಲ್ಲಿ ರಾತ್ರಿ ತಂಗದೆ ಹೊಳೆನರಸೀಪುರಕ್ಕೆ ಹೋಗಿ ಬರುತ್ತಿದ್ದಾರೆ, ದಿನಕ್ಕೆ 340 ಕಿಲೋಮೀಟರ್ ಎಂದು ಪತ್ರಿಕೆಗಳು ಬರೆದವು. ರಸ್ತೆಗಳ ಖಾತೆಯವರು ರಸ್ತೆಯಲ್ಲೇ ಇದ್ದರು ಎಂದುಕೊಂಡು ನಾವು ನಕ್ಕೆವು. ಅಮಾನತು ಮಾಡಿ ಎಂದು ಯಾರಾದರೂ ಕೇಳಿದರೇ?

ನಾನು ಹಿಂದೆ ದುಡಿಯುತ್ತಿದ್ದ ಕಚೇರಿಯಲ್ಲಿ ಆಯುಧಪೂಜೆಯ ದಿನ ಸರ್ವರಿಗೆ ಮೂರೆಳೆ ವಿಭೂತಿ, ಪ್ರಿಂಟರಿಗೆ ಚೆಂಡುಹೂವು. ಕೀಲಿಮಣೆಯ ಸಂದಿಗೆ ಬಿದ್ದ ಕಡಲೆಪುರಿಯಿಂದಾಗಿ ದೀಪಾವಳಿಯವರೆಗೂ ಒಂದು ಅಕ್ಷರ ಒತ್ತಿದರೆ ಎರಡು ಬೀಳುತ್ತಿದ್ದವು. ಎಲ್ಲರಿಂದ ವಂತಿಗೆ, ಎಲ್ಲರಿಗೂ ಪುಳಿಯೋಗರೆ. ಅಲ್ಲೇ ರಂಜಾನ್ ತಿಂಗಳಲ್ಲಿ ಒಬ್ಬ ಸಹೋದ್ಯೋಗಿ, ಊಟದ ಬಿಡುವು ತನಗೆ ಬೇಡ, ಅಷ್ಟು ಹೊತ್ತು ಬೇಗ ಹೊರಡಲೇ ಎಂದು ಕೇಳಿದ. ಮಾನವ ಸಂಪನ್ಮೂಲ ವಿಭಾಗದಿಂದ ಬಹಳ ವಿನಯದ ಉತ್ತರ ಬಂತು: ಕಚೇರಿಗೆ ಧರ್ಮವಿಲ್ಲ. ಪತ್ರ ಟೈಪ್ ಮಾಡಿದ ಕಂಪ್ಯೂಟರಿನ ಹಣೆಯಲ್ಲಿ ಹಿಂದಿನ ವರ್ಷದ ಕುಂಕುಮ ಇನ್ನೂ ಇತ್ತು.

ಜನಿವಾರದ ಸರದಿಯೂ ಬಂತು. 2025ರ ಸಿಇಟಿಯಲ್ಲಿ ಜನಿವಾರ ತೆಗೆಯಲೊಪ್ಪದ ಬೀದರಿನ ಹುಡುಗನಿಗೆ ಗಣಿತದ ಪರೀಕ್ಷೆ ಬರೆಯಲಾಗಲಿಲ್ಲ. ಶುದ್ಧ ಅನ್ಯಾಯ. ಮೂರೆಳೆ ದಾರದಲ್ಲಿ ಯಾವ ಸೂತ್ರ ಬರೆದುಕೊಂಡು ಬರಲು ಸಾಧ್ಯ? ರಾಜ್ಯವೆಲ್ಲ ಕೆಂಡವಾಯಿತು, ಆಗಬೇಕಾದದ್ದೇ. ಆದರೆ 2022ರಲ್ಲಿ ತಲೆಯ ಮೇಲಿನ ಬಟ್ಟೆಗಾಗಿ ಹುಡುಗಿಯರು ಕಾಲೇಜಿನ ಗೇಟಿನಾಚೆ ನಿಂತಾಗ ‘ನಿಯಮ ಎಂದರೆ ನಿಯಮ’ ಎಂದು ಬೋಧಿಸಿದ ಬಾಯಿಗಳೇ ಈಗ ಸಂವಿಧಾನದ 25ನೇ ವಿಧಿಯನ್ನು ಮಂತ್ರದಂತೆ ಒಪ್ಪಿಸಿದವು. ಆಗ ಇವರ ಸಂವಿಧಾನದಲ್ಲಿ ಆ ಪುಟ ಅಂಟಿಕೊಂಡಿತ್ತೇನೋ.

2023ರ ಬೆಂಗಳೂರಿನ ವಿಡಿಯೊ ಒಂದನ್ನು ನೋಡಿದ ಮೇಲೆ ನನಗೆ ನಗಲಾಗಲಿಲ್ಲ. ಬಿಎಂಟಿಸಿ ನಿರ್ವಾಹಕರ ತಲೆಯ ಮೇಲೊಂದು ಟೋಪಿ. ಸಮವಸ್ತ್ರದ ಜೊತೆ ಇದಕ್ಕೆ ಅವಕಾಶವಿದೆಯೇ, ಧರ್ಮವನ್ನು ಮನೆಯಲ್ಲಿಟ್ಟುಕೊಳ್ಳಿ ಎಂದು ಪ್ರಯಾಣಿಕರೊಬ್ಬರು ಮೊಬೈಲ್ ಹಿಡಿದು ವಿಚಾರಣೆ ನಡೆಸಿದರು. ಅವರು ಜಗಳವಾಡಲಿಲ್ಲ, ಟೋಪಿ ತೆಗೆದರು. ಬಸ್ಸು ನಿಂತಿರಲಿಲ್ಲ, ಟಿಕೆಟ್ ತಪ್ಪಿರಲಿಲ್ಲ, ಚಿಲ್ಲರೆಯ ತಂಟೆಯೂ ಇರಲಿಲ್ಲ. ದುಡಿದು ತಿನ್ನುವ ಮನುಷ್ಯನನ್ನು ತುಂಬಿದ ಬಸ್ಸಿನಲ್ಲಿ ತಲೆ ತಗ್ಗಿಸುವಂತೆ ಮಾಡಿ ಅದನ್ನು ಊರಿಗೆಲ್ಲ ಹಂಚುವುದು ಯಾವ ಸೀಮೆಯ ನಿಯಮಪಾಲನೆ? ಈ ನೀಚತನಕ್ಕೆ ಹೊಸ ಹೊಸ ಸಭ್ಯ ಹೆಸರು ಹುಡುಕುವುದನ್ನು ನೋಡಿ ನೋಡಿ ಸಾಕಾಗಿದೆ.

ಕಾನೂನು ಇದೆಯಲ್ಲ ಎನ್ನುತ್ತೀರಿ. ಸಂವಿಧಾನದ 16ನೇ ವಿಧಿ ಧರ್ಮದ ಕಾರಣಕ್ಕೆ ಕೆಲಸ ನಿರಾಕರಿಸಬಾರದು ಎನ್ನುತ್ತದೆ, ಸರ್ಕಾರಿ ಕೆಲಸಕ್ಕೆ ಮಾತ್ರ. ಖಾಸಗಿಯವರು ನಗುನಗುತ್ತಾ ‘ಆಮೇಲೆ ತಿಳಿಸುತ್ತೇವೆ’ ಎಂದರೆ ಮುಗಿಯಿತು. 2015ರಲ್ಲಿ ಮುಂಬೈಯ ವಜ್ರದ ಕಂಪನಿಯೊಂದು ಎಂಬಿಎ ಓದಿದ ಹುಡುಗನಿಗೆ ‘ನಾವು ಮುಸ್ಲಿಮೇತರರನ್ನು ಮಾತ್ರ ತೆಗೆದುಕೊಳ್ಳುತ್ತೇವೆ’ ಎಂದು ಇಮೇಲ್ ಬರೆದು ಪೊಲೀಸ್ ಪ್ರಕರಣ ಮೈಮೇಲೆ ಎಳೆದುಕೊಂಡಿತು. ಮಿಕ್ಕ ಕಂಪನಿಗಳು ಬುದ್ಧಿವಂತರು, ಬರೆಯುವುದಿಲ್ಲ.

2025ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ದೀಪಾವಳಿಯನ್ನು ರಜೆಯ ಪಟ್ಟಿಗೆ ಸೇರಿಸಿದಾಗ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಪಟಾಕಿಯೋ ಪಟಾಕಿ. ಅಲ್ಪಸಂಖ್ಯಾತರನ್ನು ಹೀಗೆ ಗೌರವಿಸಬೇಕು ಎಂದರು. ಅದೇ ವರ್ಷ ತೆಲಂಗಾಣ ಸರ್ಕಾರ ರಂಜಾನ್ ತಿಂಗಳಲ್ಲಿ ಮುಸ್ಲಿಂ ನೌಕರರನ್ನು ನಾಲ್ಕು ಗಂಟೆಗೆ ಮನೆಗೆ ಬಿಟ್ಟಾಗ ಇದೇ ಮಹನೀಯರು ಓಲೈಕೆ ಎಂದು ಬೊಬ್ಬೆ ಹೊಡೆದಿದ್ದರು. ಸಾಗರ ದಾಟಿದ ಕೂಡಲೇ ತಾವೂ ಅಲ್ಪಸಂಖ್ಯಾತರಾಗುತ್ತೇವೆ ಎಂಬುದು ವೀಸಾ ಅರ್ಜಿಯಲ್ಲಿ ಎಲ್ಲೂ ಬರೆದಿರುವುದಿಲ್ಲ, ಪಾಪ.

ನಿಜವಾದ ಸರ್ವಧರ್ಮ ಸಮಭಾವ ನೋಡಬೇಕೆಂದರೆ ರಾಜ್ಯ ಸರ್ಕಾರದ ಪರಿಮಿತ ರಜೆಯ ಪಟ್ಟಿ ನೋಡಿ. ಶಬ್-ಎ-ಬರಾತ್, ಬುದ್ಧ ಪೂರ್ಣಿಮೆ, ಗುರುನಾನಕ್ ಜಯಂತಿ, ಕ್ರಿಸ್‌ಮಸ್ ಈವ್ ಎಲ್ಲ ಇವೆ. ವರ್ಷಕ್ಕೆ ಎರಡನ್ನು ಆರಿಸಿಕೊಳ್ಳಬಹುದು, ಯಾವ ಧರ್ಮದ್ದಾದರೂ ಸರಿ. ನನ್ನ ಗುಮಾಸ್ತ ಮಿತ್ರರೊಬ್ಬರು ಹೊಸ ಕ್ಯಾಲೆಂಡರ್ ಬಂದ ಕೂಡಲೇ ಕನ್ನಡಕ ಹಾಕಿಕೊಂಡು ಕೂರುತ್ತಾರೆ. ಸೋಮವಾರ ಬಿದ್ದರೆ ಬುದ್ಧ, ಶುಕ್ರವಾರ ಬಿದ್ದರೆ ನಾನಕ್. ಬುಧವಾರ ಬರುವ ದೇವರುಗಳ ಮೇಲೆ ಅವರಿಗೆ ಅಷ್ಟೇನೂ ಭಕ್ತಿಯಿಲ್ಲ.