ಮಠಾಧೀಶರು ಚುನಾವಣೆಗೆ ನಿಲ್ಲುವಂತಿಲ್ಲವೇ? ಒಂದು ಸ್ಪಷ್ಟನೆ

ಮಠಾಧೀಶರು ಚುನಾವಣೆಗೆ ಸ್ಪರ್ಧಿಸುವುದನ್ನು ಸಂವಿಧಾನವೇ ನಿಷೇಧಿಸಿದೆ ಎಂಬ ಸಂದೇಶವೊಂದು ತುಮಕೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ನಿಜವಲ್ಲ. ಶಾಸಕರ ಅರ್ಹತೆ, ಅನರ್ಹತೆಗಳನ್ನು ಹೇಳುವ 173 ಮತ್ತು 191ನೇ ವಿಧಿಗಳಲ್ಲಿ ಸನ್ಯಾಸದ ಮಾತೇ ಇಲ್ಲ. ಗೋರಖನಾಥ ಮಠದ ಮಹಂತರಾದ ಯೋಗಿ ಆದಿತ್ಯನಾಥ ಅವರು 2017ರಲ್ಲಿ ಉತ್ತರ ಪ್ರದೇಶದ ಮುಖ್ಯಮಂತ್ರಿಯಾದದ್ದು ಎಲ್ಲರಿಗೂ ತಿಳಿದದ್ದೇ.

ನಿರ್ಬಂಧ ಇರುವುದು ಬೇರೆಡೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ, ಅಭ್ಯರ್ಥಿಯಾಗಲಿ ಅವರ ಸಮ್ಮತಿಯಿಂದ ಬೇರೊಬ್ಬರಾಗಲಿ ಧರ್ಮ, ಜಾತಿಯ ಹೆಸರಿನಲ್ಲಿ ಮತ ಕೇಳುವುದೂ, ಮತ ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುವಿರೆಂದು ಮತದಾರರನ್ನು ಹೆದರಿಸುವುದೂ ಭ್ರಷ್ಟ ಆಚರಣೆಯಾಗಿದ್ದು, ಅದು ಸಾಬೀತಾದರೆ ಆಯ್ಕೆಯೇ ಅಸಿಂಧುವಾಗುತ್ತದೆ. ಹೆಚ್ಚಿನವರು ಮರೆಯುವ ಇನ್ನೊಂದು ಕಾಯ್ದೆ 1988ರದು: ಮಠ, ಮಸೀದಿ, ಚರ್ಚುಗಳ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಿಟ್ಟುಕೊಟ್ಟ ಆಡಳಿತಗಾರರಿಗೆ ಅದು 5 ವರ್ಷದವರೆಗೆ ಸೆರೆವಾಸ ವಿಧಿಸಬಲ್ಲದು.