ಕಟ್ಟೆ ಏರಿದ ಎಚ್‌ಎಂಟಿ

ನಮ್ಮೂರ ಸರ್ಕಲ್ಲಿನಲ್ಲಿ ಹಳೇ ಟ್ರಾಕ್ಟರಿಗೆ ಬಣ್ಣ ಬಳಿದು ಕಟ್ಟೆ ಮೇಲೆ ಪ್ರದರ್ಶನಕ್ಕೆ ನಿಲ್ಲಿಸಿದ್ದಾರೆ, ಫೋಟೋ ಸಮೇತ ಸುದ್ದಿಯೂ ಬಂತು. ಫೋಟೋದಲ್ಲಿ ಟ್ರಾಕ್ಟರ್ ಕಾಣದಿದ್ದರೆ ನಿಮ್ಮ ಕಣ್ಣಿನ ತಪ್ಪಲ್ಲ. ಮುಂದೆ ಗಣ್ಯರು ಜಾಸ್ತಿ ನಿಂತಿದ್ದರು. ಟ್ರಾಕ್ಟರ್ ಎಚ್‌ಎಂಟಿ ಕಂಪನಿಯ 2511 ಮಾಡೆಲ್, 25 ಎಚ್‌ಪಿ ಇಂಜಿನ್.

'ಪುನರುಜ್ಜೀವನ' ಅಂತ ಬ್ಯಾನರ್ ಕಟ್ಟಿದ್ದಾರೆ. ಹತ್ತಿರ ಹೋಗಿ ನೋಡಿದೆ. ಬಾನೆಟ್ಟಿಗೆ ಬಣ್ಣ, ಸೈಲೆನ್ಸರಿಗೆ ಬಣ್ಣ, ಡೀಸೆಲ್ ಪೈಪಿಗೂ ಬಣ್ಣ. ರೇಡಿಯೇಟರ್ ಮುಚ್ಚಳ ಬಣ್ಣದಲ್ಲೇ ಕಚ್ಚಿಕೊಂಡಿದೆ. ಮೀಟರಿನ ಗಾಜಿಗೂ ಒಂದು ಕೋಟ್ ಎಳೆದಿದ್ದಾರೆ. ಒಳಗಿನ ಮುಳ್ಳಿಗೆ ಪಾಪ ಹಗಲೂ ರಾತ್ರಿ.

ಮೆಕ್ಯಾನಿಕ್ ಹೇಳಿದ್ದನಂತೆ, "ಇಂಜಿನ್ ಜಾಮ್ ಆಗಿಲ್ಲ ಸಾರ್. ನಾಲ್ಕು ದಿನ ಕೊಡಿ, ಡೀಸೆಲ್ ಪಂಪು, ನಾಜಲ್ ಬಿಚ್ಚಿ ತೊಳೆದು ಸ್ಟಾರ್ಟ್ ಮಾಡಿಕೊಡ್ತೀನಿ."

"ಸ್ಟಾರ್ಟ್ ಆಗಿ ಏನಾಗಬೇಕಪ್ಪ? ಸುಮ್ನೆ ಮಿಂಚಿದ್ರೆ ಸಾಕು" ಅಂದರಂತೆ ಇದನ್ನೆಲ್ಲ ಮಾಡಿಸಿದ ಸಾಹೇಬರು. ಎಂಥಾ ಮುಂದಾಲೋಚನೆ! ಸ್ಟಾರ್ಟ್ ಆದರೆ ಯಾರಾದರೂ ಹೊಲಕ್ಕೆ ಒಯ್ದುಬಿಟ್ಟಾರು.

ಎಚ್‌ಎಂಟಿ ಅಂದರೆ ನನಗೆ ಮೊದಲು ನೆನಪಾಗೋದು ಅಕ್ಕಿ. ನಗಬೇಡಿ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಸಣ್ಣ ರೈತ ದಾದಾಜಿ ಖೋಬ್ರಾಗಡೆ ತಮ್ಮ ಗದ್ದೆಯಲ್ಲೇ ತೆನೆ ಆರಿಸಿ ಆರಿಸಿ ಒಂದು ಭತ್ತದ ತಳಿ ಬೆಳೆಸಿದರು. ಆ ಕಾಲಕ್ಕೆ ಮೆರೆಯುತ್ತಿದ್ದ ಎಚ್‌ಎಂಟಿ ಕೈಗಡಿಯಾರದ ಹೆಸರನ್ನೇ ಅದಕ್ಕೂ ಇಟ್ಟರು. ಆ ಗಡಿಯಾರ ಮಾಡುತ್ತಿದ್ದ ಬೆಂಗಳೂರಿನ ಸರ್ಕಾರಿ ಕಂಪನಿಯೇ 1971ರಲ್ಲಿ ಜೆಕೊಸ್ಲೊವಾಕಿಯಾದ ಟ್ರಾಕ್ಟರ್ ಕಂಪನಿ ಝೆಟರ್ ಜೊತೆ ಸೇರಿ ಹರಿಯಾಣದ ಪಿಂಜೋರಿನಲ್ಲಿ ಟ್ರಾಕ್ಟರ್ ಮಾಡತೊಡಗಿತು. 2016ರಲ್ಲಿ ಕೇಂದ್ರ ಸಂಪುಟ ವರ್ಷದ ಆರಂಭದಲ್ಲಿ ಗಡಿಯಾರಕ್ಕೆ ಬೀಗ ಹಾಕಿತು, ವರ್ಷ ಮುಗಿಯುವುದರೊಳಗೆ ಟ್ರಾಕ್ಟರಿಗೂ ಹಾಕಿತು. ಅಕ್ಕಿ ಮಾತ್ರ ಇನ್ನೂ ಬೇಯುತ್ತಿದೆ. ಅದಕ್ಕೆ ಯಾವ ಫೈಲೂ ಇರಲಿಲ್ಲ ಅಲ್ವಾ, ಬದುಕಿಕೊಂಡಿತು.

ಇನ್ನು ಹಳೇ ವಾಹನಗಳಿಗೆ ನಮ್ಮ ದೇಶದ ವಿಂಟೇಜ್ ನಿಯಮ. 2021ರಲ್ಲಿ ಬಂತು. 50 ವರ್ಷ ದಾಟಿದ ಕಾರು, ಬೈಕಿಗೆ 'ವಿಎ' ಅಂತ ಬರೆದ ನಂಬರ್ ಪ್ಲೇಟು. ಟ್ರಾಕ್ಟರಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಸಾಹುಕಾರರು ಮದುವೆಗೆ ಹೋದ ಕಾರು ಪರಂಪರೆ, ಹೊಲ ಉತ್ತದ್ದು ಗುಜರಿ.

ಅದೇ ಮೆಕ್ಯಾನಿಕ್ ಶೆಡ್ಡಿನಲ್ಲಿ ಇನ್ನೊಂದು 2511 ನಿಂತಿದೆ. ಬಣ್ಣ ಹೋಗಿದೆ, ಇಂಜಿನ್ ಗಟ್ಟಿ. ಹೈಡ್ರಾಲಿಕ್ ಪಂಪ್ ಕೈಕೊಟ್ಟಿದೆ, ನೇಗಿಲು ಮೇಲೇಳುವುದಿಲ್ಲ. ಗುಜರಿ ಅಂಗಡಿಗಳನ್ನೆಲ್ಲ ಅಲೆದರೂ ಆ ಪಂಪ್ ಸಿಕ್ಕಿಲ್ಲ. ಅದರ ಯಜಮಾನರು ಅರ್ಜಿ ಬರೆದರು: ಕಟ್ಟೆ ಮೇಲಿನದ್ದು ಹೆಂಗೂ ಉಳೋದಿಲ್ಲ, ಅದರ ಪಂಪ್ ಕೊಡಿ, ದುಡ್ಡು ಕೊಡ್ತೀನಿ, ಬದಲಿಗೆ ನನ್ನ ಕೆಟ್ಟ ಪಂಪಿಗೆ ಬಣ್ಣ ಬಳಿದು ಕೂರಿಸಿ, ಯಾರಿಗೂ ಗೊತ್ತಾಗೋದಿಲ್ಲ.

ಪಾರಂಪರಿಕ ವಸ್ತು, ಮುಟ್ಟುವಂತಿಲ್ಲ ಅಂತ ಉತ್ತರ ಬಂತು.

ಮಳೆ ಬಿದ್ದು ಹದ ಆಗಿದೆ ಕಣ್ರೀ! ಹದ ನಿಮ್ಮ ಕಚೇರಿ ಟಿಪ್ಪಣಿಗೆ ಕಾಯುತ್ತಾ? ಬರೆಯೋಕೂ ಬೇಜಾರು. ಆ ಯಜಮಾನರೀಗ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಬೇರೆಯವರ ಟ್ರಾಕ್ಟರಿನಿಂದ ಹೊಲ ಉಳುಮೆ ಮಾಡಿಸಿಕೊಳ್ಳುತ್ತಿದ್ದಾರೆ.

ಸರ್ಕಲ್ಲಿನದಕ್ಕೆ ನಿನ್ನೆ ಸೀರಿಯಲ್ ಸೆಟ್ ಹಾಕಿದರು.